ಮಂತ್ರಿ ಬದಲಾದರೆ ಉತ್ತರ ಹೇಳುವವರು ಯಾರು? ಫ್ರಾನ್ಸಿನ ಸಂಪುಟ ಪುನಾರಚನೆಯ ಒಳಗು



2025ರ ಅಕ್ಟೋಬರ್ 5, ಭಾನುವಾರ ಸಂಜೆ. ಫ್ರಾನ್ಸಿನ ಅಧ್ಯಕ್ಷರ ನಿವಾಸವಾದ ಎಲಿಸೀ ಅರಮನೆಯಿಂದ ಹೊಸ ಮಂತ್ರಿಗಳ ಪಟ್ಟಿ ಹೊರಬಿತ್ತು. ಪಟ್ಟಿಯಲ್ಲಿ 18 ಹೆಸರುಗಳಿದ್ದವು. ಪ್ರಧಾನಿ ಸೆಬಾಸ್ಟಿಯನ್ ಲೆಕೋರ್ನು ನೇಮಕವಾಗಿ ನಾಲ್ಕು ವಾರ ಸಮೀಪಿಸಿತ್ತು. ಇಷ್ಟು ಕಾಯಿಸಿ ಬಂದ ಪಟ್ಟಿಯಲ್ಲಿ ಹೆಚ್ಚಿನವರು ಹಿಂದಿನ ಸರ್ಕಾರದಲ್ಲಿ ಇದ್ದವರೇ. ಏಳು ವರ್ಷ ಹಣಕಾಸು ಖಾತೆ ನೋಡಿಕೊಂಡಿದ್ದ ಬ್ರೂನೊ ಲ ಮೇರ್ ಈಗ ರಕ್ಷಣಾ ಮಂತ್ರಿಯಾಗಿ ಮರಳಿದ್ದರು. ಅದೇ ಪಟ್ಟಿಯಲ್ಲಿ ಗೃಹಮಂತ್ರಿಯಾಗಿ ಮುಂದುವರಿದಿದ್ದ ಬ್ರೂನೊ ರೆತಾಯೊ, ಮಾತು ಕೊಟ್ಟಿದ್ದ ಬದಲಾವಣೆ ಇದರಲ್ಲಿ ಕಾಣುತ್ತಿಲ್ಲವೆಂದು ಆ ರಾತ್ರಿಯೇ ಬಹಿರಂಗವಾಗಿ ಆಕ್ಷೇಪ ಎತ್ತಿದರು. ಮರುದಿನ ಬೆಳಗ್ಗೆ ಪ್ರಧಾನಿ ರಾಜೀನಾಮೆ ಕೊಟ್ಟರು. ಮಂಗಳವಾರ ಸಂಸತ್ತಿನ ಮುಂದೆ ಅವರು ತಮ್ಮ ಸರ್ಕಾರದ ನೀತಿಯನ್ನು ಮಂಡಿಸಬೇಕಿತ್ತು. ಆ ಮಂಗಳವಾರ ಬರುವ ಮೊದಲೇ ಸರ್ಕಾರ ಬಿದ್ದಿತ್ತು. ಜನ ಆರಿಸಿ ಕಳಿಸಿದ 577 ಮಂದಿಯ ರಾಷ್ಟ್ರೀಯ ಸಭೆ ಆ ಸರ್ಕಾರದ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ, ಒಂದು ಮತವನ್ನೂ ಹಾಕಿರಲಿಲ್ಲ.

ಈ ಘಟನೆಯನ್ನು ಅನೇಕರು ವಿಚಿತ್ರವೆಂದು ನೋಡಿದರು. ಅದು ವಿಚಿತ್ರವಲ್ಲ, ಅರವತ್ತು ವರ್ಷಗಳ ರೂಢಿಯೊಂದು ತನ್ನ ಕೊನೆ ಮುಟ್ಟಿದ ಗಳಿಗೆ ಎಂಬುದು ನನ್ನ ವಾದ. ಸಂಸದೀಯ ವ್ಯವಸ್ಥೆ ಇರುವ ದೇಶದಲ್ಲಿ ಮಂತ್ರಿಯನ್ನು ಬದಲಿಸುವುದೆಂದರೆ ಯಾವುದೋ ತಪ್ಪಿಗೆ, ಯಾವುದೋ ಸೋಲಿಗೆ, ಯಾವುದೋ ಹೊಸ ಗುರಿಗೆ ಸದನದ ಎದುರು ಉತ್ತರ ಕೊಡುವ ಕ್ರಮ. ಫ್ರಾನ್ಸಿನ ಐದನೆಯ ಗಣರಾಜ್ಯದಲ್ಲಿ ಈ ಕ್ರಮ ಸದನದಿಂದ ಅರಮನೆಗೆ ಹೋಯಿತು. ಸಂಸತ್ತಿಗೆ ಉತ್ತರ ಹೇಳಬೇಕಾಗಿಲ್ಲದ ಅಧ್ಯಕ್ಷ ತನ್ನ ತೀರ್ಮಾನಗಳ ಹೊಣೆಯನ್ನು ಉತ್ತರ ಹೇಳಬೇಕಾದ ಮಂತ್ರಿಗಳ ತಲೆಗೆ ಕಟ್ಟಿ, ಅವರನ್ನು ಕಳಿಸಿ, ತಾನು ಉಳಿಯುವ ಸಾಧನವಾಗಿ ಸಂಪುಟ ಪುನಾರಚನೆ ಬೆಳೆಯಿತು. ಸದನದಲ್ಲಿ ಅಧ್ಯಕ್ಷನಿಗೆ ಬಹುಮತ ಇರುವವರೆಗೂ ಈ ಸಾಧನ ಕೆಲಸ ಮಾಡಿತು. ಬಹುಮತ ಹೋದಾಗ ಏನಾಗುತ್ತದೆಂಬುದನ್ನು 2024 ಮತ್ತು 2025 ತೋರಿಸಿದವು.

ಮೊದಲು ಕಾನೂನಿನ ಮಾತು. 1958ರ ಅಕ್ಟೋಬರ್ 4ರ ಸಂವಿಧಾನದ 8ನೇ ವಿಧಿ ಎರಡು ವಾಕ್ಯವೃಂದಗಳಲ್ಲಿ ಎಲ್ಲವನ್ನೂ ಮುಗಿಸುತ್ತದೆ. ಅಧ್ಯಕ್ಷ ಪ್ರಧಾನಿಯನ್ನು ನೇಮಿಸುತ್ತಾನೆ. ಪ್ರಧಾನಿ ಸರ್ಕಾರದ ರಾಜೀನಾಮೆ ಸಲ್ಲಿಸಿದಾಗ ಅವನ ಅಧಿಕಾರವನ್ನು ಕೊನೆಗೊಳಿಸುತ್ತಾನೆ. ಉಳಿದ ಮಂತ್ರಿಗಳನ್ನು ಪ್ರಧಾನಿಯ ಪ್ರಸ್ತಾವದ ಮೇಲೆ ನೇಮಿಸುತ್ತಾನೆ, ಪ್ರಧಾನಿಯ ಪ್ರಸ್ತಾವದ ಮೇಲೆಯೇ ತೆಗೆಯುತ್ತಾನೆ. ಪ್ರಧಾನಿಯ ನೇಮಕಕ್ಕೆ ಅಧ್ಯಕ್ಷನ ಒಂದೇ ಸಹಿ ಸಾಕು. ಮಂತ್ರಿಗಳ ನೇಮಕದ ಆದೇಶಕ್ಕೆ ಪ್ರಧಾನಿಯ ಸಹಿಯೂ ಬೇಕು. ಆದೇಶ ಸರ್ಕಾರಿ ರಾಜ್ಯಪತ್ರದಲ್ಲಿ ಅಚ್ಚಾಗುತ್ತದೆ. ಯಾವ ಮಂತ್ರಿಗೆ ಯಾವ ಇಲಾಖೆ, ಯಾವ ನಿರ್ದೇಶನಾಲಯಗಳು ಅವನ ಕೈಕೆಳಗೆ ಎಂಬುದನ್ನೂ ಸಂಸತ್ತಿನ ಶಾಸನ ನಿರ್ಧರಿಸುವುದಿಲ್ಲ. ಪ್ರತಿ ಪುನಾರಚನೆಯ ನಂತರ ಹೊರಡುವ ಖಾತೆ ಹಂಚಿಕೆಯ ಆದೇಶಗಳು ನಿರ್ಧರಿಸುತ್ತವೆ. ಪರಿಸರ ಖಾತೆಗೆ ಇಂಧನ ಸೇರಬಹುದು, ಮುಂದಿನ ಸಲ ಅದು ಹಣಕಾಸಿನ ಕಡೆಗೆ ಹೋಗಬಹುದು. ನಮ್ಮಲ್ಲಿ 2003ರ 91ನೇ ತಿದ್ದುಪಡಿ ಮಂತ್ರಿಗಳ ಸಂಖ್ಯೆಗೆ ಸದನದ ಬಲದ ಶೇಕಡಾ 15ರ ಮಿತಿ ಹಾಕಿದೆ; ಅಲ್ಲಿ ಅಂಥ ಮಿತಿ ಇಲ್ಲ.

ಇನ್ನೊಂದು ವಿಧಿಯನ್ನು ಕನ್ನಡದ ಓದುಗರು ವಿಶೇಷವಾಗಿ ಗಮನಿಸಬೇಕು. ನಮ್ಮಲ್ಲಿ ಸದನದ ಸದಸ್ಯನಲ್ಲದವನು ಮಂತ್ರಿಯಾದರೆ ಆರು ತಿಂಗಳೊಳಗೆ ಸದಸ್ಯನಾಗಬೇಕು. ಫ್ರಾನ್ಸಿನ 23ನೇ ವಿಧಿ ಇದಕ್ಕೆ ತದ್ವಿರುದ್ಧ: ಸಂಸದನೊಬ್ಬ ಮಂತ್ರಿಯಾದರೆ ಒಂದು ತಿಂಗಳೊಳಗೆ ಸದನದ ಸ್ಥಾನ ಬಿಡಬೇಕು. ಚುನಾವಣೆಯಲ್ಲಿ ಅವನ ಜೊತೆಗೇ ಆಯ್ಕೆಯಾದ ಬದಲಿ ಸದಸ್ಯ ಆ ಸ್ಥಾನಕ್ಕೆ ಬರುತ್ತಾನೆ. 2008ರ ತಿದ್ದುಪಡಿಗೆ ಮೊದಲು, ಮಂತ್ರಿಗಿರಿ ಕಳೆದುಕೊಂಡವನು ಸದನಕ್ಕೆ ಮರಳಬೇಕಾದರೆ ಬದಲಿ ಸದಸ್ಯನಿಂದ ರಾಜೀನಾಮೆ ಕೊಡಿಸಿ ಉಪಚುನಾವಣೆ ಎದುರಿಸಬೇಕಿತ್ತು. ಈಗ ಸ್ಥಾನ ತಾನಾಗಿ ವಾಪಸಾಗುತ್ತದೆ. ಈ ವಿಧಿಯ ಉದ್ದೇಶ ಒಳ್ಳೆಯದೇ ಇತ್ತು. ಮಂತ್ರಿಯಾಗುವ ಆಸೆಯಿಂದ ಸಂಸದರು ಸರ್ಕಾರಗಳನ್ನು ಉರುಳಿಸಬಾರದು ಎಂಬುದು 1958ರವರ ಲೆಕ್ಕ. ಆದರೆ ಅದರ ಇನ್ನೊಂದು ಪರಿಣಾಮವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಮಂತ್ರಿಯಾದ ದಿನದಿಂದ ಅವನ ಬೇರು ಸದನದಲ್ಲಿ ಇರುವುದಿಲ್ಲ. ಅವನನ್ನು ಮಂತ್ರಿ ಮಾಡಿದವರೂ ಉಳಿಸುವವರೂ ಅರಮನೆಯಲ್ಲಿದ್ದಾರೆ.

1958ರ ಸಂವಿಧಾನ ಬರೆದವರ ಕಣ್ಣ ಮುಂದೆ ನಾಲ್ಕನೆಯ ಗಣರಾಜ್ಯವಿತ್ತು. 1946ರಿಂದ 1958ರವರೆಗಿನ ಹನ್ನೆರಡು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರ್ಕಾರಗಳು ಬಂದುಹೋಗಿದ್ದವು. ಸರ್ಕಾರ ಮಾಡುವುದೂ ಮುರಿಯುವುದೂ ಆಗ ಸದನದ ಕೆಲಸ. ಆ ಕಾಲದ ಮೊದಲ ಪ್ರಧಾನಿ ಪಾಲ್ ರಮಾದಿಯೆ 1947ರಲ್ಲಿ ತಮ್ಮ ಹೆಸರಿಗೆ ಸದನದ ಒಪ್ಪಿಗೆ ಪಡೆದ ಮೇಲೆ ಮಂತ್ರಿಗಳ ಪಟ್ಟಿಗೂ ಮತ್ತೊಮ್ಮೆ ಒಪ್ಪಿಗೆ ಕೇಳಿದರು. ಸಂವಿಧಾನ ಅದನ್ನು ಕೇಳಿರಲಿಲ್ಲ. ಆದರೂ ಅದೇ ಪದ್ಧತಿಯಾಯಿತು, ಪ್ರತಿ ಖಾತೆಯೂ ಪಕ್ಷಗಳ ಚೌಕಾಸಿಗೆ ಸಿಕ್ಕಿತು. ಇದನ್ನು ತಪ್ಪಿಸಬೇಕೆಂದು ಹೊಸ ಸಂವಿಧಾನ ಹೊರಟಿದ್ದು ಸರಿಯಾಗಿಯೇ ಇತ್ತು. ಆದರೆ ಸದನದ ಹಿಡಿತದಿಂದ ಬಿಡಿಸಿದ ಅಧಿಕಾರವನ್ನು ಯಾರ ಕೈಗೆ ಕೊಡಬೇಕು ಎಂಬ ಪ್ರಶ್ನೆ ಅಂದೇ ಎದ್ದಿತ್ತು. 1958ರ ಆಗಸ್ಟ್ 8ರಂದು ಸಂವಿಧಾನ ಸಲಹಾ ಸಮಿತಿಯಲ್ಲಿ ಹಿರಿಯ ನಾಯಕ ಪಾಲ್ ರೆನೋ ಜನರಲ್ ಡಿ ಗಾಲ್ ಅವರನ್ನು ನೇರವಾಗಿ ಕೇಳಿದರು: ಅಧ್ಯಕ್ಷ ಪ್ರಧಾನಿಯನ್ನು ವಜಾ ಮಾಡಬಹುದೇ? ಇಲ್ಲ ಎಂದರು ಡಿ ಗಾಲ್. ಹಾಗೆ ವಜಾ ಆಗಬಹುದಾದ ಪ್ರಧಾನಿ ನಿಜವಾಗಿ ಆಡಳಿತ ನಡೆಸಲಾರ ಎಂಬುದು ಅವರು ಕೊಟ್ಟ ಕಾರಣ.

ಆರು ವರ್ಷವೂ ತುಂಬುವ ಮೊದಲು ಅವರೇ ಬೇರೆ ಮಾತಾಡಿದರು. ಮಧ್ಯೆ ಒಂದು ದೊಡ್ಡ ಬದಲಾವಣೆ ಆಗಿತ್ತು. 1962ರ ಅಕ್ಟೋಬರ್ 28ರ ಜನಮತಗಣನೆಯಲ್ಲಿ ಅಧ್ಯಕ್ಷನನ್ನು ಜನರೇ ನೇರವಾಗಿ ಆರಿಸಬೇಕೆಂದು ತೀರ್ಮಾನವಾಯಿತು. 1964ರ ಜನವರಿ 31ರ ಪತ್ರಿಕಾಗೋಷ್ಠಿಯಲ್ಲಿ, ಆಗ ಅಧ್ಯಕ್ಷರಾಗಿದ್ದ ಡಿ ಗಾಲ್, ಪ್ರಧಾನಿಯನ್ನು ಆರಿಸುವ ಅಧ್ಯಕ್ಷ ಅವನಿಗೆ ವಹಿಸಿದ ಕೆಲಸ ಮುಗಿದಾಗಲೋ ಅವನ ಬಗ್ಗೆ ತನಗೆ ಸಮ್ಮತಿ ಇಲ್ಲವಾದಾಗಲೋ ಅವನನ್ನು ಬದಲಿಸಬಹುದು ಎಂದರು. ಸಂವಿಧಾನದ 8ನೇ ವಿಧಿಯ ಒಂದಕ್ಷರವೂ ಬದಲಾಗಿರಲಿಲ್ಲ. ಅದರ ಓದು ಮಾತ್ರ ತಿರುಗಿ ನಿಂತಿತ್ತು. ಇಂದಿಗೂ ಫ್ರಾನ್ಸಿನಲ್ಲಿ ಪ್ರಧಾನಿಯನ್ನು ಯಾರೂ ವಜಾ ಮಾಡುವುದಿಲ್ಲ. ಅಧ್ಯಕ್ಷ ಕೇಳುತ್ತಾನೆ, ಪ್ರಧಾನಿ ರಾಜೀನಾಮೆ ಕೊಡುತ್ತಾನೆ, ಆದೇಶದಲ್ಲಿ ರಾಜೀನಾಮೆ ಎಂದೇ ಬರೆಯಲಾಗುತ್ತದೆ.

ಈ ಓದಿನ ಅರ್ಥ ಪೂರ್ತಿಯಾಗಿ ಬಯಲಾದದ್ದು 1972ರಲ್ಲಿ. ಆಗ ಜಾರ್ಜ್ ಪಾಂಪಿಡು ಅಧ್ಯಕ್ಷರು, ಜಾಕ್ ಶಬಾನ್-ಡೆಲ್ಮಾಸ್ ಪ್ರಧಾನಿ. ಶಬಾನ್-ಡೆಲ್ಮಾಸ್ 1969ರ ಸೆಪ್ಟೆಂಬರಿನಲ್ಲಿ ಸದನದ ಮುಂದೆ 'ಹೊಸ ಸಮಾಜ' ಎಂಬ ಸುಧಾರಣೆಯ ಕನಸನ್ನು ಇಟ್ಟವರು. ಸರ್ಕಾರದ ನೀತಿಯನ್ನು ಪ್ರಧಾನಿ ಹೀಗೆ ತಾನೇ ಘೋಷಿಸಿದ್ದು ಅರಮನೆಗೆ ರುಚಿಸಿರಲಿಲ್ಲ. 1972ರ ಮೇ 24ರಂದು ಅವರು ರಾಷ್ಟ್ರೀಯ ಸಭೆಯಲ್ಲಿ ವಿಶ್ವಾಸಮತ ಕೇಳಿದರು. ಪರವಾಗಿ 368, ವಿರುದ್ಧವಾಗಿ 96 ಮತ ಬಿದ್ದವು. ಯಾವ ಸಂಸದೀಯ ದೇಶದಲ್ಲಾದರೂ ಇಂಥ ಅಂತರದಿಂದ ಗೆದ್ದ ಪ್ರಧಾನಿ ನಿಶ್ಚಿಂತೆಯಿಂದ ಇರಬಹುದು. ಜುಲೈ 5ರಂದು, ಅಂದರೆ ಆರು ವಾರದಲ್ಲಿ, ಪಾಂಪಿಡು ಅವರಿಂದ ರಾಜೀನಾಮೆ ಪಡೆದರು, ಪಿಯರ್ ಮೆಸ್ಮೆರ್ ಅವರನ್ನು ಕೂರಿಸಿದರು. ಸದನ ಹೌದು ಎಂದದ್ದನ್ನು ಅಧ್ಯಕ್ಷ ಇಲ್ಲ ಎಂದ ದಿನ ಅದು. ಸಂವಿಧಾನದ 20ನೇ ವಿಧಿ ಸರ್ಕಾರ ಸಂಸತ್ತಿಗೆ ಹೊಣೆ ಎನ್ನುತ್ತದೆ. 1972ರ ನಂತರ ಅದು ಅಧ್ಯಕ್ಷನಿಗೂ ಹೊಣೆ, ಮತ್ತು ಅಧ್ಯಕ್ಷನಿಗೇ ಮೊದಲು ಹೊಣೆ ಎಂಬುದು ರೂಢಿಯಾಗಿ ನೆಲೆನಿಂತಿತು. 1991ರ ಮೇ ತಿಂಗಳಿನಲ್ಲಿ ಅಧ್ಯಕ್ಷ ಫ್ರಾಂಸ್ವಾ ಮಿತ್ತರಾಂ ತಮ್ಮದೇ ಪಕ್ಷದ ಪ್ರಧಾನಿ ಮಿಶೆಲ್ ರೊಕಾರ್ ಅವರನ್ನು ಕಳಿಸಿ ಏಡಿತ್ ಕ್ರೆಸೊನ್ ಅವರನ್ನು ತಂದಾಗಲೂ ಸದನ ಏನನ್ನೂ ಕೇಳಿರಲಿಲ್ಲ.

ಹೊಣೆ ಅಧ್ಯಕ್ಷನಿಗೆ ಎಂದಾದ ಮೇಲೆ, ಸಂಪುಟ ಪುನಾರಚನೆ ಯಾವ ಹೊತ್ತಿನಲ್ಲಿ ನಡೆಯುತ್ತದೆ ಎಂಬುದನ್ನು ನೋಡಿದರೆ ಅದರ ಕೆಲಸ ತಿಳಿಯುತ್ತದೆ. 2004ರ ಮಾರ್ಚ್‌ನ ಪ್ರಾದೇಶಿಕ ಚುನಾವಣೆಯಲ್ಲಿ ಯುರೋಪಿನ ನೆಲದ 22 ಪ್ರದೇಶಗಳ ಪೈಕಿ 20ನ್ನು ಎಡಪಕ್ಷಗಳು ಗೆದ್ದವು. ಅಧ್ಯಕ್ಷ ಜಾಕ್ ಶಿರಾಕ್ ಪ್ರಧಾನಿ ರಫರಾನ್ ಅವರನ್ನು ಉಳಿಸಿಕೊಂಡು ಸುತ್ತಲಿನವರನ್ನು ಬದಲಿಸಿದರು: ಗೃಹ ಖಾತೆಯಲ್ಲಿದ್ದ ನಿಕೊಲಾ ಸಾರ್ಕೋಜಿ ಹಣಕಾಸಿಗೆ ಹೋದರು, ವಿದೇಶಾಂಗದಲ್ಲಿದ್ದ ದೊಮಿನಿಕ್ ದ ವಿಲ್‌ಪ್ಯಾನ್ ಗೃಹಕ್ಕೆ ಬಂದರು. 2005ರ ಮೇ 29ರಂದು ಐರೋಪ್ಯ ಸಂವಿಧಾನದ ಕರಡನ್ನು ಫ್ರೆಂಚ್ ಜನ ತಿರಸ್ಕರಿಸಿದರು. ಆ ಜನಮತಗಣನೆ ಕರೆದವರು ಶಿರಾಕ್, ಹೋದವರು ರಫರಾನ್. 2014ರ ಮಾರ್ಚ್‌ನಲ್ಲಿ ನಗರಸಭೆಗಳ ಚುನಾವಣೆ ಸೋತದ್ದು ಅಧ್ಯಕ್ಷ ಫ್ರಾಂಸ್ವಾ ಒಲಾಂದ್ ಅವರ ಪಕ್ಷ. ಪ್ರಧಾನಿ ಐರೋ ಮನೆಗೆ ಹೋದರು. ಸಾಂಕೇತಿಕವಾಗಿ ಸೇರಿಸಿಕೊಂಡು ಸಾಂಕೇತಿಕವಾಗಿಯೇ ಕೈಬಿಡುವ ಕ್ರೌರ್ಯವೂ ಇದರೊಳಗಿದೆ. 1995ರ ಮೇ ತಿಂಗಳಿನ ಅಲೆನ್ ಜುಪ್ಪೆ ಸರ್ಕಾರದಲ್ಲಿ ಹನ್ನೆರಡು ಮಹಿಳೆಯರಿದ್ದರು, ಅದನ್ನು ಹೆಮ್ಮೆಯಿಂದ ಸಾರಲಾಗಿತ್ತು. ನವೆಂಬರಿನ ಪುನಾರಚನೆಯಲ್ಲಿ ಅವರಲ್ಲಿ ಎಂಟು ಮಂದಿಯನ್ನು ಒಟ್ಟಿಗೆ ಕೈಬಿಟ್ಟರು. ಆ ಎಂಟು ಮಂದಿ ಯಾವ ಕೆಲಸದಲ್ಲಿ ಸೋತಿದ್ದರೆಂದು ಸದನದಲ್ಲಿ ಯಾರೂ ವಿವರಿಸಲಿಲ್ಲ.

2014ರ ಆಗಸ್ಟ್‌ನ ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಪುನಾರಚನೆಯ ಯಂತ್ರದ ಎಲ್ಲ ಗಾಲಿಗಳೂ ಅಲ್ಲಿ ಕಾಣುತ್ತವೆ. ಆಗಸ್ಟ್ 24ರ ಭಾನುವಾರ ಬರ್ಗಂಡಿಯ ಫ್ರಾಂಜಿ ಎಂಬ ಹಳ್ಳಿಯ ವಾರ್ಷಿಕ ಸಭೆಯಲ್ಲಿ ಆರ್ಥಿಕ ಮಂತ್ರಿ ಆರ್ನೋ ಮೊಂತ್‌ಬೂರ್ ಸರ್ಕಾರದ ಮಿತವ್ಯಯದ ನೀತಿಯನ್ನೇ ಟೀಕಿಸಿದರು. ಶಿಕ್ಷಣ ಮಂತ್ರಿ ಬೆನುವಾ ಆಮೊನ್ ಅವರ ಪಕ್ಕದಲ್ಲಿದ್ದರು. ಸೋಮವಾರ ಬೆಳಗ್ಗೆ ಪ್ರಧಾನಿ ಮಾನುಯೆಲ್ ವಾಲ್ಸ್ ಇಡೀ ಸರ್ಕಾರದ ರಾಜೀನಾಮೆ ಸಲ್ಲಿಸಿದರು. ಇಬ್ಬರನ್ನು ತೆಗೆಯಲು ಎಲ್ಲರ ರಾಜೀನಾಮೆ ಏಕೆ? ಕೆಲವರನ್ನಷ್ಟೇ ತೆಗೆದರೆ ಅದು ವಜಾ ಎನಿಸಿಕೊಳ್ಳುತ್ತದೆ, ಕಾರಣ ಹೇಳಬೇಕಾಗುತ್ತದೆ. ಎಲ್ಲರೂ ರಾಜೀನಾಮೆ ಕೊಟ್ಟರೆ ಯಾರನ್ನೂ ತೆಗೆದಂತಾಗುವುದಿಲ್ಲ, ಮರಳಿ ಕರೆಯದಿದ್ದರಾಯಿತು. ಉಳಿಯುವವರೂ ಪ್ರತಿಯೊಬ್ಬರೂ ಆ ನೀತಿಗೆ ಮತ್ತೊಮ್ಮೆ ತಲೆಬಾಗಿಯೇ ಒಳಬರಬೇಕು. ಮಂಗಳವಾರ ಹೊಸ ಪಟ್ಟಿ ಬಂತು. ಮೊಂತ್‌ಬೂರ್ ಜಾಗಕ್ಕೆ, ಕೆಲವು ವಾರಗಳ ಹಿಂದಿನವರೆಗೂ ಅರಮನೆಯಲ್ಲಿ ಅಧ್ಯಕ್ಷರ ಉಪ ಪ್ರಧಾನ ಕಾರ್ಯದರ್ಶಿಯಾಗಿದ್ದ, ಅಲ್ಲಿಯವರೆಗೆ ಒಂದು ಚುನಾವಣೆಯನ್ನೂ ಎದುರಿಸದ 36 ವರ್ಷದ ಎಮ್ಯಾನುಯೆಲ್ ಮ್ಯಾಕ್ರಾನ್ ಬಂದರು. ಆಮೊನ್ ಶಿಕ್ಷಣ ಖಾತೆ ವಹಿಸಿಕೊಂಡದ್ದು ಏಪ್ರಿಲ್ ಮೊದಲಲ್ಲಿ. ಸೆಪ್ಟೆಂಬರಿನಲ್ಲಿ ಶಾಲೆಗಳು ತೆರೆಯುವುದನ್ನು ಅವರು ಮಂತ್ರಿಯಾಗಿ ಒಂದು ಸಲವೂ ಕಾಣಲಿಲ್ಲ. ಮೊಂತ್‌ಬೂರ್ ಎತ್ತಿದ ಪ್ರಶ್ನೆ, ಅಂದರೆ ಖರ್ಚು ಕಡಿತದಿಂದ ಉದ್ಯೋಗ ಹೆಚ್ಚುತ್ತದೆಯೇ ಎಂಬುದು, ದೇಶದ ಮುಖ್ಯ ಪ್ರಶ್ನೆಯಾಗಿತ್ತು. ಅದಕ್ಕೆ ಸಿಕ್ಕ ಉತ್ತರ ಮಂತ್ರಿಯ ಬದಲಾವಣೆ.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ವಾಲ್ಸ್ ಹೊಸ ಸಂಪುಟದೊಂದಿಗೆ ಸೆಪ್ಟೆಂಬರ್ 16ರಂದು ಸದನಕ್ಕೆ ಹೋಗಿ ವಿಶ್ವಾಸ ಕೇಳಿದರು. 269 ಮತ ಪರ, 244 ವಿರುದ್ಧ. 577ರಲ್ಲಿ 269 ಪೂರ್ಣ ಬಹುಮತವಲ್ಲ; ಅವರದೇ ಪಕ್ಷದ ಹಲವರು ಮತ ಹಾಕದೆ ಉಳಿದರು. ಆದರೂ ಸರ್ಕಾರ ಉಳಿಯಿತು. ಈ ಅಂಕಿಗಳಿಗೆ ಮುಂದೆ ಮರಳುತ್ತೇನೆ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ. ಸಹಬಾಳ್ವೆಯ ಸರ್ಕಾರಗಳ ಕಾಲವನ್ನು ನೋಡಿ, ಆಗ ಪುನಾರಚನೆ ಪೂರ್ತಿಯಾಗಿ ಪ್ರಧಾನಿಯ ಕೈಯಲ್ಲಿತ್ತು, ಆದ್ದರಿಂದ ದೋಷ ಸಂವಿಧಾನದ್ದಲ್ಲ ಎನ್ನುವವರಿದ್ದಾರೆ. 1986ರಿಂದ 88, 1993ರಿಂದ 95, 1997ರಿಂದ 2002, ಈ ಮೂರು ಅವಧಿಗಳಲ್ಲಿ ಅಧ್ಯಕ್ಷ ಒಂದು ಪಾಳೆಯದವನು, ಸದನದ ಬಹುಮತ ಇನ್ನೊಂದು ಪಾಳೆಯದ್ದು. 1986ರಲ್ಲಿ ಮಿತ್ತರಾಂ ವಿದೇಶಾಂಗ ಮತ್ತು ರಕ್ಷಣಾ ಖಾತೆಗಳಿಗೆ ಆಗಿನ ಪ್ರಧಾನಿ ಶಿರಾಕ್ ಸೂಚಿಸಿದ ಕೆಲವು ಹೆಸರುಗಳನ್ನು ಒಪ್ಪಲಿಲ್ಲ. ಉಳಿದ ಪಟ್ಟಿ ಶಿರಾಕ್ ಅವರದೇ. ಮಾತು ನಿಜ. ಆದರೆ ಈ ಆಕ್ಷೇಪ ನನ್ನ ವಾದವನ್ನೇ ಬಲಪಡಿಸುತ್ತದೆ. ಬಹುಮತ ಪ್ರಧಾನಿಯದಾದಾಗ 8ನೇ ವಿಧಿ ಬರೆದಂತೆಯೇ ನಡೆಯಿತು, ಆಡಳಿತವೂ ಕುಸಿಯಲಿಲ್ಲ. ಲಿಯೊನೆಲ್ ಜೋಸ್ಪಾನ್ ಐದು ವರ್ಷ ಪೂರ್ತಿ ಪ್ರಧಾನಿಯಾಗಿದ್ದರು. ಅಂದರೆ ಅಧ್ಯಕ್ಷನ ಕೈಗೆ ಪುನಾರಚನೆ ಹೋಗದೆ ಫ್ರಾನ್ಸ್ ನಡೆಯದು ಎಂಬುದು ಸುಳ್ಳು. 2000ದಲ್ಲಿ ಅಧ್ಯಕ್ಷನ ಅವಧಿಯನ್ನು ಏಳರಿಂದ ಐದು ವರ್ಷಕ್ಕೆ ಇಳಿಸಿ, 2002ರಿಂದ ಅಧ್ಯಕ್ಷನ ಚುನಾವಣೆಯ ಬೆನ್ನಿಗೇ ಸದನದ ಚುನಾವಣೆ ಬರುವಂತೆ ಮಾಡಿದ್ದರಿಂದ ಸಹಬಾಳ್ವೆ ಅಪರೂಪವಾಯಿತು, ಅರಮನೆಯ ಹಿಡಿತ ಇನ್ನಷ್ಟು ಬಿಗಿಯಾಯಿತು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ನಾಲ್ಕನೆಯ ಗಣರಾಜ್ಯದ ಅಸ್ಥಿರತೆಗಿಂತ ಇದು ವಾಸಿಯಲ್ಲವೇ? ಸರ್ಕಾರಗಳನ್ನು ಎಣಿಸಿದರೆ ವಾಸಿ. ಖಾತೆಗಳನ್ನು ಎಣಿಸಿದರೆ ಲೆಕ್ಕ ಬೇರೆಯಾಗುತ್ತದೆ. ಐರೋಪ್ಯ ಒಕ್ಕೂಟದ ಬೀಜ ಬಿತ್ತಿದ ರಾಬರ್ಟ್ ಶೂಮನ್ 1948ರ ಜುಲೈಯಿಂದ 1953ರ ಜನವರಿಯವರೆಗೆ ವಿದೇಶಾಂಗ ಮಂತ್ರಿಯಾಗಿದ್ದರು. ಅಷ್ಟರಲ್ಲಿ ಸರ್ಕಾರಗಳು ಒಂದಾದ ಮೇಲೊಂದು ಬಿದ್ದವು, ಅವರು ಖಾತೆಯಲ್ಲಿ ಉಳಿದರು, ನೀತಿಯೂ ಉಳಿಯಿತು. ಐದನೆಯ ಗಣರಾಜ್ಯದ ಆರಂಭದಲ್ಲಿಯೂ ಇಂಥ ದೀರ್ಘಾವಧಿ ಇತ್ತು: ಕೂವ್ ದ ಮ್ಯೂರ್ವಿಲ್ ಹತ್ತು ವರ್ಷ ವಿದೇಶಾಂಗದಲ್ಲಿ, ಆಂದ್ರೆ ಮಾಲ್ರೋ ಹತ್ತು ವರ್ಷ ಸಂಸ್ಕೃತಿ ಖಾತೆಯಲ್ಲಿ. ಈಗ ಶಿಕ್ಷಣ ಖಾತೆಯನ್ನು ನೋಡಿ. 2023ರ ಜುಲೈಯಲ್ಲಿ ಪಾಪ್ ಎನ್‌ಜಾಯ್ ಅವರನ್ನು ಕಳಿಸಿ ಗೇಬ್ರಿಯಲ್ ಅತ್ತಾಲ್ ಅವರನ್ನು ತಂದರು. 2024ರ ಜನವರಿ 9ರಂದು ಅತ್ತಾಲ್ ಪ್ರಧಾನಿಯಾದರು. ಅವರ ಜಾಗಕ್ಕೆ ಬಂದ ಅಮೆಲಿ ಉದೆಯಾ-ಕಾಸ್ತೆರಾ ಫೆಬ್ರವರಿ 8ಕ್ಕೆ ಹೊರಟರು. ನಿಕೊಲ್ ಬೆಲೂಬೆ ಬಂದರು. ಸೆಪ್ಟೆಂಬರಿನಲ್ಲಿ ಆನ್ ಜೆನೆತೆ, ಡಿಸೆಂಬರಿನಲ್ಲಿ ಎಲಿಜಬೆತ್ ಬೋರ್ನ್, 2025ರ ಅಕ್ಟೋಬರಿನಲ್ಲಿ ಎದುವಾರ್ ಜೆಫ್ರೆ. ಎರಡೂಕಾಲು ವರ್ಷದಲ್ಲಿ ಆರು ಹೊಸ ಮಂತ್ರಿಗಳು, ಒಬ್ಬನೇ ಅಧ್ಯಕ್ಷ. ಇದನ್ನು ಸ್ಥಿರತೆ ಎನ್ನಲು ನನ್ನಿಂದಾಗದು.

ಇದರ ಬಿಸಿ ತಟ್ಟಿದ್ದು ತರಗತಿಗಳಿಗೆ. 2023ರ ಡಿಸೆಂಬರಿನಲ್ಲಿ ಅತ್ತಾಲ್ ಒಂದು ದೊಡ್ಡ ಸುಧಾರಣೆ ಘೋಷಿಸಿದರು: ಪ್ರಾಥಮಿಕ ಮುಗಿಸಿ ಮುಂದಿನ ಶಾಲೆಗೆ ಬರುವ ಮಕ್ಕಳನ್ನು ಮೊದಲ ಎರಡು ವರ್ಷ ಫ್ರೆಂಚ್ ಮತ್ತು ಗಣಿತದಲ್ಲಿ ಅವರ ಮಟ್ಟದಂತೆ ಗುಂಪು ಮಾಡಿ ಕಲಿಸಬೇಕು. ಮಕ್ಕಳನ್ನು ಬೇರ್ಪಡಿಸಿದಂತಾಗುತ್ತದೆಂದು ಶಿಕ್ಷಕರ ಸಂಘಗಳು ವಿರೋಧಿಸಿದವು. ಬೆಲೂಬೆ ಬಂದು ಅದನ್ನು ಮೆದುಗೊಳಿಸಿ, ಮಕ್ಕಳ ಅಗತ್ಯಕ್ಕೆ ತಕ್ಕ ಗುಂಪುಗಳು ಎಂದರು. 2024ರ ಸೆಪ್ಟೆಂಬರಿನಲ್ಲಿ ಶಾಲೆ ತೆರೆದು ಸುಧಾರಣೆ ಜಾರಿಗೆ ಬಂದ ದಿನ ಬೆಲೂಬೆ ಇದ್ದದ್ದು ರಾಜೀನಾಮೆ ಕೊಟ್ಟು ಎರಡು ತಿಂಗಳಾಗುತ್ತಿದ್ದ, ದೈನಂದಿನ ವ್ಯವಹಾರವನ್ನಷ್ಟೇ ನೋಡಿಕೊಳ್ಳುವ ಅಧಿಕಾರವಿದ್ದ ಸರ್ಕಾರದಲ್ಲಿ. ಘೋಷಿಸಿದವರೊಬ್ಬರು, ತಿದ್ದಿದವರು ಇನ್ನೊಬ್ಬರು, ಫಲ ನೋಡಬೇಕಾದವರು ಮತ್ತೊಬ್ಬರು. ಗಣಿತ ಕಲಿಯುವ ಹನ್ನೊಂದು ವರ್ಷದ ಮಗುವಿಗೆ ಸುಧಾರಣೆ ತಟ್ಟುವ ಹೊತ್ತಿಗೆ ಅದಕ್ಕೆ ಉತ್ತರ ಹೇಳುವ ಮಂತ್ರಿ ಇರಲಿಲ್ಲ. ಈ ಮಾತು ಹೇಳುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಮಂತ್ರಿ ಹೋದರೇನು, ಆಡಳಿತ ಯಂತ್ರ ಇದೆಯಲ್ಲ ಎಂಬುದು ಮೂರನೆಯ ಆಕ್ಷೇಪ. ಫ್ರಾನ್ಸಿನ ಅಧಿಕಾರಿವರ್ಗದ ದಕ್ಷತೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಮಂತ್ರಿ ಬದಲಾದಾಗ ಅವನ ಆಪ್ತ ಸಲಹೆಗಾರರ ತಂಡ ಕಚೇರಿ ಖಾಲಿ ಮಾಡುತ್ತದೆ. ನಿರ್ದೇಶನಾಲಯಗಳ ಮುಖ್ಯಸ್ಥರು ಉಳಿಯುತ್ತಾರೆ, ಕಡತಗಳು ಉಳಿಯುತ್ತವೆ. ಮೇಲೆ ಹೇಳಿದ ಎದುವಾರ್ ಜೆಫ್ರೆ ಅವರೇ ಇದಕ್ಕೆ ಸಾಕ್ಷಿ. ಅವರು 2019ರಿಂದ 2024ರವರೆಗೆ ಶಾಲಾ ಶಿಕ್ಷಣದ ಮಹಾನಿರ್ದೇಶಕರಾಗಿದ್ದವರು. ಅವರ ಮೇಜಿನ ಎದುರು ಐದು ಮಂತ್ರಿಗಳು ಹಾದುಹೋದರು, ಕೊನೆಗೆ ಅವರೇ ಮಂತ್ರಿಯಾದರು. ಆದರೆ ಈ ಉತ್ತರದಿಂದ ಪ್ರಜಾಪ್ರಭುತ್ವಕ್ಕೆ ಸಮಾಧಾನವಾಗಬೇಕೇ? ಇಲಾಖೆಯನ್ನು ಬಲ್ಲವರು ಸದನಕ್ಕೆ ಉತ್ತರ ಕೊಡಬೇಕಾಗಿಲ್ಲದ ಅಧಿಕಾರಿಗಳು, ಉತ್ತರ ಕೊಡಬೇಕಾದ ಮಂತ್ರಿಗೆ ಇಲಾಖೆ ತಿಳಿಯುವಷ್ಟು ಕಾಲವಿಲ್ಲ ಎಂದಾದರೆ, ಸದನದಲ್ಲಿ ಕೇಳುವ ಪ್ರಶ್ನೆಗಳಿಗೆ ಬೆಲೆ ಉಳಿಯುವುದಿಲ್ಲ. ಪುನಾರಚನೆ ಹೆಚ್ಚಿದಷ್ಟೂ ಚುನಾಯಿತರ ಅಧಿಕಾರ ಅಧಿಕಾರಿಗಳ ಕಡೆಗೆ ಸರಿಯುತ್ತದೆ.

ಎಲ್ಲ ನಿರ್ಗಮನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ವಿದೇಶದಲ್ಲಿ ಗುಪ್ತ ಖಾತೆ ಇಟ್ಟ ಆರೋಪದ ಮೇಲೆ ಬಜೆಟ್ ಮಂತ್ರಿ ಜೆರೋಮ್ ಕಾಯುಜಾಕ್ 2013ರ ಮಾರ್ಚ್‌ನಲ್ಲಿ ಹೋದರು, ಏಪ್ರಿಲ್‌ನಲ್ಲಿ ಒಪ್ಪಿಕೊಂಡರು. 2014ರಲ್ಲಿ ತೆರಿಗೆ ವಿವರ ಸಲ್ಲಿಸದೆ ಇದ್ದ ತೊಮಾ ತೆವೆನೂ ಒಂಬತ್ತೇ ದಿನಕ್ಕೆ ಹೊರಬಿದ್ದರು. ಕಾಯುಜಾಕ್ ಪ್ರಕರಣದ ನಂತರ ಮಂತ್ರಿಗಳ ಆಸ್ತಿ ಮತ್ತು ಹಿತಾಸಕ್ತಿಗಳನ್ನು ಪರಿಶೀಲಿಸುವ ಉನ್ನತ ಪ್ರಾಧಿಕಾರವೊಂದು ಕೆಲಸ ಮಾಡುತ್ತಿದೆ. ತಾವಾಗಿ ಹೊರಟವರೂ ಇದ್ದಾರೆ: ಕೊಲ್ಲಿ ಯುದ್ಧವನ್ನು ಒಪ್ಪದೆ 1991ರಲ್ಲಿ ರಕ್ಷಣಾ ಮಂತ್ರಿ ಶೆವೆನ್ಮಾನ್, ಪರಿಸರದ ವಿಷಯದಲ್ಲಿ ಇನ್ನು ಸುಳ್ಳು ಹೇಳಲಾರೆನೆಂದು 2018ರ ಆಗಸ್ಟ್‌ನಲ್ಲಿ ರೇಡಿಯೊ ನೇರಪ್ರಸಾರದಲ್ಲೇ ರಾಜೀನಾಮೆ ಘೋಷಿಸಿದ ನಿಕೊಲಾ ಉಲೋ. ಈ ನಿರ್ಗಮನಗಳಲ್ಲಿ ಕಾರಣ ಬಹಿರಂಗವಾಗಿತ್ತು, ಜನರಿಗೆ ತಿಳಿದಿತ್ತು. ನನ್ನ ತಕರಾರು ಕಾರಣ ಹೇಳದ ಬದಲಾವಣೆಗಳ ಮೇಲೆ.

ಈಗ 2024ಕ್ಕೆ ಬರೋಣ. ಜೂನ್‌ನಲ್ಲಿ ಅಧ್ಯಕ್ಷ ಮ್ಯಾಕ್ರಾನ್ ಸದನವನ್ನು ವಿಸರ್ಜಿಸಿದರು. ಜುಲೈಯಲ್ಲಿ ಆರಿಸಿ ಬಂದ ಸದನದಲ್ಲಿ ಯಾರಿಗೂ ಬಹುಮತವಿರಲಿಲ್ಲ. ಅತ್ತಾಲ್ ರಾಜೀನಾಮೆ ಜುಲೈ 16ರಂದು ಅಂಗೀಕಾರವಾಯಿತು, ಮಿಶೆಲ್ ಬಾರ್ನಿಯೆ ಪ್ರಧಾನಿಯಾಗಿ ನೇಮಕವಾದದ್ದು ಸೆಪ್ಟೆಂಬರ್ 5ಕ್ಕೆ. ಏಳು ವಾರ ದೇಶದಲ್ಲಿ ಉಸ್ತುವಾರಿ ಸರ್ಕಾರ. ಡಿಸೆಂಬರ್ 4ರಂದು 331 ಮತಗಳ ಅವಿಶ್ವಾಸ ನಿರ್ಣಯ ಬಾರ್ನಿಯೆ ಅವರನ್ನು ಕೆಡವಿತು; 1962ರ ನಂತರ ಅಂಥ ನಿರ್ಣಯ ಗೆದ್ದದ್ದು ಅದೇ ಮೊದಲು. ಬಳಿಕ ಬಂದ ಫ್ರಾಂಸ್ವಾ ಬೈರು 2025ರ ಸೆಪ್ಟೆಂಬರ್ 8ರಂದು ತಾವೇ ವಿಶ್ವಾಸ ಕೇಳಿ 194ಕ್ಕೆ 364 ಮತಗಳಿಂದ ಸೋತರು. ಪ್ರತಿ ಸಲವೂ ಅರಮನೆಯ ಉತ್ತರ ಒಂದೇ: ಇನ್ನೊಂದು ಹೆಸರು, ಇನ್ನೊಂದು ಪಟ್ಟಿ. ಅಕ್ಟೋಬರ್ 5ರ ಪಟ್ಟಿ ಒಂದು ರಾತ್ರಿಯನ್ನೂ ನೆಟ್ಟಗೆ ಕಳೆಯಲಿಲ್ಲ. ಲೆಕೋರ್ನು ಮತ್ತೆ ನೇಮಕವಾದರು, 12ರಂದು ಎರಡನೆಯ ಸಂಪುಟ ಬಂತು. ಆ ಸರ್ಕಾರ ಉಳಿದದ್ದು ಹೊಸ ಮಂತ್ರಿಗಳ ಮುಖ ನೋಡಿ ಅಲ್ಲ. 14ರಂದು ಸದನದಲ್ಲಿ ನಿಂತು ಪಿಂಚಣಿ ಸುಧಾರಣೆಯನ್ನು ತಡೆಹಿಡಿಯುವುದಾಗಿ ಪ್ರಧಾನಿ ಹೇಳಿದರು. ಸಮಾಜವಾದಿಗಳು ಸರ್ಕಾರವನ್ನು ಉರುಳಿಸುವ ಯತ್ನದಿಂದ ಹಿಂದೆ ಸರಿದರು. 16ರ ಅವಿಶ್ವಾಸ ನಿರ್ಣಯಕ್ಕೆ 271 ಮತ ಬಂದು, ಬೇಕಿದ್ದ 289ಕ್ಕೆ 18 ಕಡಿಮೆಯಾಯಿತು. ಹೆಸರುಗಳನ್ನು ಕೂಡಿಸಿ ಕಳೆದು ಆಗದ ಕೆಲಸ ಸದನದ ಮುಂದೆ ಒಂದು ನೀತಿಯ ಮಾತಾಡಿದ ಕೂಡಲೇ ಆಯಿತು.

ಹಾಗಾದರೆ ಆಗಬೇಕಾದದ್ದೇನು? ಸಂವಿಧಾನದ 49ನೇ ವಿಧಿಯ ಮೊದಲ ಭಾಗ ಪ್ರಧಾನಿ ತನ್ನ ಕಾರ್ಯಕ್ರಮದ ಮೇಲೆ ಸದನದ ವಿಶ್ವಾಸ ಕೇಳುವ ದಾರಿಯನ್ನು ಹೇಳುತ್ತದೆ. ಅದು ಕಡ್ಡಾಯವಲ್ಲವೆಂದು 1966ರಲ್ಲಿ ಪಾಂಪಿಡು ಪ್ರಧಾನಿಯಾಗಿದ್ದಾಗ ನಡೆದುಕೊಂಡು ತೋರಿಸಿದರು. ಅಂದಿನಿಂದ ವಿಶ್ವಾಸ ಕೇಳುವುದು ಗೆಲ್ಲುವ ಖಾತ್ರಿ ಇದ್ದವರ ಸೌಜನ್ಯವಾಗಿಬಿಟ್ಟಿದೆ. ಬಹುಮತ ಭದ್ರವಿದ್ದ 2017ರಲ್ಲಿ ಎದುವಾರ್ ಫಿಲಿಪ್ ಕೇಳಿದರು, 2020ರಲ್ಲಿ ಜಾನ್ ಕಾಸ್ತೆಕ್ಸ್ ಕೇಳಿದರು. ಬಹುಮತ ಸಡಿಲವಾದ ಮೇಲೆ 2022ರಲ್ಲಿ ಪ್ರಧಾನಿಯಾದ ಬೋರ್ನ್, ಆಮೇಲೆ ಅತ್ತಾಲ್, ಬಾರ್ನಿಯೆ ಯಾರೂ ಕೇಳಲಿಲ್ಲ. ಬೈರು ಕೂಡ ಅಧಿಕಾರಕ್ಕೆ ಬಂದಾಗ ಕೇಳಲಿಲ್ಲ. ಅತಿ ಅಗತ್ಯವಿದ್ದ ಹೊತ್ತಿನಲ್ಲೇ ಸದನವನ್ನು ಕೇಳದಿರುವುದು ರೂಢಿಯಾಯಿತು.

ವಿಶ್ವಾಸಮತ ಕಡ್ಡಾಯವಾದರೆ ಒಡೆದ ಸದನದಲ್ಲಿ ಯಾವ ಸರ್ಕಾರವೂ ಹುಟ್ಟುವುದಿಲ್ಲ ಎಂಬ ಭಯವನ್ನು ಹಲವರು ಪ್ರಾಮಾಣಿಕವಾಗಿಯೇ ವ್ಯಕ್ತಪಡಿಸುತ್ತಾರೆ. ಅವರು ವಾಲ್ಸ್ ಅವರ 269 ಮತಗಳನ್ನು ನೆನೆಯಬೇಕು. ಅವಿಶ್ವಾಸ ನಿರ್ಣಯ ಗೆಲ್ಲಲು ಸದನದ ಒಟ್ಟು ಬಲದ ಅರ್ಧಕ್ಕಿಂತ ಹೆಚ್ಚು ಮತ ಬೇಕು. ವಿಶ್ವಾಸಮತಕ್ಕೆ ಚಲಾಯಿಸಿದ ಮತಗಳಲ್ಲಿ ಹೆಚ್ಚು ಬಂದರೆ ಸಾಕು. ಒಪ್ಪದೆಯೂ ತಡೆಯದೆ ಇರಲು ಇಚ್ಛಿಸುವ ಪಕ್ಷಕ್ಕೆ ಮತ ಹಾಕದೆ ಕೂರುವ ದಾರಿ ತೆರೆದೇ ಇದೆ. ಕೇಳದೆ ಇದ್ದದ್ದರಿಂದ ಬಾರ್ನಿಯೆ ಮೂರು ತಿಂಗಳು ಮಾತ್ರ ಉಳಿದರು. ಕೇಳಬೇಕೆಂಬ ನಿಯಮ ಇದ್ದಿದ್ದರೆ ಅವರು ಮಂತ್ರಿಗಳ ಪಟ್ಟಿಗಿಂತ ಮೊದಲು ಬಜೆಟ್ಟಿನ ಮಾತುಕತೆ ನಡೆಸಬೇಕಾಗುತ್ತಿತ್ತು. ಸಣ್ಣ ಖಾತೆ ಬದಲಾವಣೆಗೆಲ್ಲ ಮತ ಬೇಡ. ಪ್ರಧಾನಿ ಬದಲಾದಾಗ, ಅಥವಾ ಇಡೀ ಸರ್ಕಾರ ರಾಜೀನಾಮೆ ಕೊಟ್ಟು ಹೊಸದಾಗಿ ಬಂದಾಗ, ಹದಿನೈದು ದಿನದೊಳಗೆ ಸದನದ ವಿಶ್ವಾಸ ಪಡೆಯಲೇಬೇಕು. ಇಲಾಖೆಯ ಮಂತ್ರಿಯನ್ನು ತೆಗೆದರೆ ಪ್ರಧಾನಿ ಸದನದ ಸಂಬಂಧಪಟ್ಟ ಸಮಿತಿಯ ಮುಂದೆ ಬಂದು ಕಾರಣ ಹೇಳಬೇಕು. ಅಧ್ಯಕ್ಷನ ಆಯ್ಕೆಯ ಹಕ್ಕಿಗೆ ಇದರಿಂದ ಧಕ್ಕೆಯಿಲ್ಲ. ಅವನು ಆರಿಸಲಿ, ಆರಿಸಿದ್ದನ್ನು ಸದನ ಒಪ್ಪಬೇಕು.

49ನೇ ವಿಧಿಯಲ್ಲಿ ವಿಶ್ವಾಸ ಕೇಳುವುದು ಕಡ್ಡಾಯವೆಂದು ಸ್ಪಷ್ಟವಾಗಿ ಬರೆದು, ಸದನದಲ್ಲಿ ಒಂದು ದಿನದ ಮತದಾನ ನಡೆಸಿದರೆ ಇಷ್ಟೂ ಆಗುತ್ತದೆ. ಅದನ್ನು ಮಾಡುವ ಅಧಿಕಾರ ಫ್ರಾನ್ಸಿನ ಸಂಸತ್ತಿಗೂ ಜನರಿಗೂ ಇದೆ, ಮತ್ತು ಅವರು ಇನ್ನೊಂದು ಪಟ್ಟಿ ಅರಮನೆಯಿಂದ ಹೊರಬೀಳುವುದನ್ನು ಕಾಯದೆ ಅದನ್ನು ಮಾಡಬೇಕು.